ಅಮ್ಮನ ಕೋಣೆಯ ಬಾಡಿಗೆ

"ಹಿಡ್ಕೊಳಿ ಅಜ್ಜಿ," ಎಂದು ಮನೆ ಅಳೆಯಲು ಬಂದಿದ್ದ ಬ್ಯಾಂಕಿನವನು ಕೊಟ್ಟ ಟೇಪಿನ ತುದಿಯನ್ನು ಅಮ್ಮ ತನ್ನ ಕೋಣೆಯ ಗೋಡೆಗೆ ಒತ್ತಿ ಹಿಡಿದಳು. ಬೆಟ್ಟ ಹೊತ್ತು ಬಂದವಳ ಹಾಗೆ ಸುಸ್ತಾಗಿದ್ದ ಮಗಳು ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಇಷ್ಟು ವರ್ಷ ಬಾಡಿಗೆಗಿದ್ದ ಮನೆಯನ್ನೇ ಈಗ ಕೊಳ್ಳಬೇಕಿತ್ತು. ಈ ಕೋಣೆಗೆ ಬಾಡಿಗೆ ಬರುತ್ತದೆಂದು ತೋರಿಸಿದರೆ ಮಾತ್ರ ಬೇಕಾದಷ್ಟು ಸಾಲ.

"ಆನೆ ಸಂಸಾರ ಹೂಡೋವಷ್ಟು ಜಾಗ ಇದೆ ಕಣಪ್ಪ. ಬಾಡಿಗೆ ಧಾರಾಳವಾಗಿ ಬರ್ಕೋ," ಎಂದಳು ಅಮ್ಮ.

"ಈಗ ಯಾರಿದಾರೆ ಇಲ್ಲಿ?"

"ಯಾರೂ ಇಲ್ಲ." ಅಮ್ಮ ಇನ್ನೊಂದು ಕೈಯಿಂದ ಮಂಚದ ಮೇಲಿದ್ದ ತನ್ನ ಕನ್ನಡಕವನ್ನು ಕಂಬಳಿಯಡಿ ತಳ್ಳಿದಳು. "ಇಲಿಗಳಿದ್ವು, ಬೇಜಾರಾಗಿ ಅವೂ ಹೋದ್ವು."

ಮಗಳಿಗೆ ನಗು ಬರಲಿಲ್ಲ. ಕಾಲೆಳೆಯುತ್ತಾ ಬಂದು ಅಮ್ಮನ ಬೆರಳಿನಿಂದ ಟೇಪು ಬಿಡಿಸಿದಳು. ಅದು ಸರ್ರನೆ ಸುತ್ತಿಕೊಂಡಿತು.

"ಈ ರೂಮು ಬರ್ಕೋಬೇಡಿ ಸಾರ್. ಇಲ್ಲಿ ನಮ್ಮಮ್ಮ ಇರ್ತಾಳೆ."