ಕನಸಿಲ್ಲದ ನಿದ್ದೆಯ ತಕರಾರು

ನಿದ್ದೆ ಹರಾಜಿಗಿಡುವ ವೆಬ್‌ಸೈಟಿನಲ್ಲಿ ತಕರಾರು ಬಗೆಹರಿಸುವುದು ನನ್ನ ಕೆಲಸ. ಊಟದ ಡಬ್ಬಿ ಮುಚ್ಚಿಟ್ಟು ಕೊಂಡವರು, ಮಾರಿದವರು ಇಬ್ಬರನ್ನೂ ಒಂದೇ ಫೋನ್ ಲೈನಿಗೆ ತಂದೆ.

ಕೊಂಡವನು ದಾವಣಗೆರೆಯ ಲಾರಿ ಡ್ರೈವರ್ ನಜೀರ್. “ಕನಸಿಲ್ಲದ ನಿದ್ದೆ ಅಂತ ಹಾಕಿದ್ರು ಮೇಡಂ. ಕಣ್ಣು ಮುಚ್ಚಿದ್ರೆ ಸಾಕು, ಒಂದು ಹುಡುಗಿ ಬಂದು ಜಡೆ ಹಾಕು ಅಂತ ಕೂರ್ತಿತ್ತು. ದುಡ್ಡು ವಾಪಸ್ ಕೊಡ್ಸಿ.”

ಇಂಥವು ದಿನಾ ಬರುತ್ತವೆ. ಬೇರೆಯವರ ಗೊರಕೆಯೂ ಸೇರಿ ಬಂತು ಎನ್ನುವವರೂ ಇದ್ದಾರೆ. ಕನಸಿನ ವಿಷಯ ಯಾಕೆ ಮುಚ್ಚಿಟ್ಟಿರಿ ಎಂದು ಮಾರಿದವರನ್ನು ಕೇಳಿದೆ.

ಹಾಸನದ ಟೈಲರ್ ವಿಮಲಾಕ್ಷಿ ಹೊಲಿಗೆ ಯಂತ್ರ ನಿಲ್ಲಿಸಿದರು. “ಮಗಳು ತೀರಿಕೊಂಡ್ಮೇಲೆ ನಾನು ಮಲಗಿದ್ದೇ ಇಲ್ಲ. ನಿದ್ದೆ ಸುಮ್ನೆ ಬಿದ್ದಿತ್ತು, ಮಾರ್ಬಿಟ್ಟೆ. ಅದ್ರೊಳಗೆ ಅವಳಿದ್ದಾಳೆ ಅಂತ ಗೊತ್ತಿರ್ಲಿಲ್ಲ. ನಿದ್ದೆ ವಾಪಸ್ ಕೊಡಿ ಅಣ್ಣಾ.”

“ನಿನ್ನೆಗೇ ಖಾಲಿ ಆಯ್ತಕ್ಕ,” ಎಂದ ನಜೀರ್.

ಬಳಸಿ ಮುಗಿಸಿದ ನಿದ್ದೆಗೆ ನಮ್ಮಲ್ಲಿ ವಾಪಸಾತಿ ಇಲ್ಲ. ಹಾಗೆಂದು ಇಬ್ಬರಿಗೂ ತಿಳಿಸಿ, ತಕರಾರು ಮುಗಿದಿದೆ ಎಂಬ ಗುಂಡಿ ಒತ್ತಿದೆ. ಲೈನು ಕಡಿಯಲು ಇನ್ನೂ ಕೆಲವು ಕ್ಷಣಗಳಿದ್ದವು.

“ಜಡೆ ಹಾಕಿದ್ರಾ?” ಎಂದು ಕೇಳಿದರು ವಿಮಲಾಕ್ಷಿ.

“ಹಾಕ್ದೆ ಅಕ್ಕ. ಸೊಟ್ಟ ಆಯ್ತು.”

“ನಿಮ್ ತಪ್ಪಲ್ಲ. ಅವಳು ತಲೆ ಅಲ್ಲಾಡಿಸ್ತಾಳೆ.”

ಲೈನು ಕಡಿಯಿತು. ಮುಂದಿನ ಕರೆ ತೆಗೆದುಕೊಂಡೆ.