ಎರಡೂವರೆ ಅಡಿ ಹಲಗೆ

ಒಂದು ಕಪಾಟಿಗೆ ಬೇರೆ ಬಡಗಿಗಳು ಹತ್ತು ಹಲಗೆ ಕೊಂಡರೆ, ಗದಗಿನ ಮೌನೇಶಪ್ಪ ಬಡಿಗೇರ ಎಂಟನ್ನೇ ಕೊಳ್ಳುತ್ತಿದ್ದರು.

ಗರಗಸಕ್ಕಿಂತ ಮೊದಲು ಅವರು ಪೆನ್ಸಿಲ್ ಹಿಡಿಯುತ್ತಿದ್ದರು. ಪ್ರತಿಯೊಂದು ಭಾಗವನ್ನೂ ಕಾಗದದ ಮೇಲೆ ಬರೆದು, ಹಲಗೆಯೊಳಗೆ ಹೊಂದಿಸಿ, ಗರಗಸದ ಹಲ್ಲು ತಿನ್ನುವ ಅಗಲವನ್ನೂ ಕಳೆದು, ಆಮೇಲೆ ಕೊಯ್ಯುತ್ತಿದ್ದರು.

ಉಳಿಯುತ್ತಿದ್ದುದು ಮರದ ಹೊಟ್ಟು ಮಾತ್ರ. ಅದೂ ಮನೆಯಲ್ಲಿ ನೀರು ಕಾಯಿಸುವ ಒಲೆಗೆ ಹೋಗುತ್ತಿತ್ತು.

ಊರಿನ ಅರ್ಧ ಜನ ಅವರು ಮಾಡಿದ ಕುರ್ಚಿಯಲ್ಲಿ ಕೂರುತ್ತಿದ್ದರು. ಅವರ ಹೆಂಡತಿ ದಾಕ್ಷಾಯಣವ್ವ ಮಾತ್ರ ನೆಲದ ಮೇಲೆ...

ಆಕೆಗೆ ಮೊಣಕಾಲು ನೋವು. ಗೋಡೆ ಹಿಡಿಯದೆ ಮೇಲೇಳಲು ಆಗುತ್ತಿರಲಿಲ್ಲ.

“ರೀ, ನನಗೊಂದು ಸ್ಟೂಲ್ ಮಾಡಿ ಕೊಡ್ರಿ. ಕುಂತ್ರ ಏಳಾಕ ಬರವಲ್ದು.”

“ಒಂದು ತುಂಡು ಉಳೀಲಿ ತಡಿ. ಮಾಡಿ ಕೊಡ್ತೀನಿ.”

“ನಿಮ್ಮ ಕೈಯಾಗ ತುಂಡು ಉಳಿಯೋದುಂಟೇನ್ರಿ? ನೀವು ಲೆಕ್ಕ ತಪ್ಪಿದ ದಿನಾನ ನನಗ ಸ್ಟೂಲ್!” ಎಂದು ಆಕೆ ನಗುತ್ತಿದ್ದಳು.

ಅವರೂ ನಗುತ್ತಿದ್ದರು... ಹೆಮ್ಮೆಯಿಂದ.

ಇಪ್ಪತ್ಮೂರು ವರ್ಷ ಕಳೆದವು. ಲೆಕ್ಕ ಒಮ್ಮೆಯೂ ತಪ್ಪಲಿಲ್ಲ.

ಕಳೆದ ಶ್ರಾವಣದ ಒಂದು ಬೆಳಿಗ್ಗೆ, ಮೆಂತ್ಯೆಸೊಪ್ಪು ಬಿಡಿಸಿ ಏಳುವಾಗ, ದಾಕ್ಷಾಯಣವ್ವ ಗೋಡೆ ಹಿಡಿದ ಕೈ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು.

ಡಾಕ್ಟರು ಎಕ್ಸ್‌-ರೇ ಕೆಳಗಿಟ್ಟರು. “ಆಪರೇಷನ್ ಮಾಡಿದ್ರ ಇವರ ಹಾರ್ಟ್ ತಡಿಯಂಗಿಲ್ಲ, ಕಾಕಾ. ಇನ್ನ ಹಾಸಿಗೀನ... ಎದ್ದು ಕೂರೋದು ಆಗೂದಿಲ್ಲ.”

ಹೆಂಡತಿಯನ್ನು ಮನೆಗೆ ತಂದು ಮಲಗಿಸಿದ ದಿನ ಮೌನೇಶಪ್ಪ ತಮ್ಮ ಮರಗೆಲಸದ ಅಂಗಡಿಗೆ ಹೋದರು. ಇದ್ದುದರಲ್ಲಿ ಅತ್ಯುತ್ತಮವಾದ ಸಾಗುವಾನಿ ಹಲಗೆಯನ್ನು ಎಳೆದು, ಕಾಗದವನ್ನು ಮುಟ್ಟದೆ, ನಟ್ಟನಡುವೆ ಗರಗಸ ಇಟ್ಟರು.

ಕೂರುವ ಭಾಗಕ್ಕೆ ಒಂದಡಿ. ಉದ್ದಕ್ಕೆ ನಾಲ್ಕಾಗಿ ಸೀಳಿದರೆ ಕಾಲುಗಳಿಗೆ ಒಂದೂವರೆ ಅಡಿ. ಒಟ್ಟು ಎರಡೂವರೆ ಅಡಿ...

ಇಪ್ಪತ್ಮೂರು ವರ್ಷಗಳಲ್ಲಿ ಬೇಕಾಗಿದ್ದುದು ಅಷ್ಟೇ.

ಸಂಜೆ ಸ್ಟೂಲನ್ನು ಹಾಸಿಗೆಯ ಪಕ್ಕದಲ್ಲಿಟ್ಟರು. ದಾಕ್ಷಾಯಣವ್ವ ಮಲಗಿದಲ್ಲಿಂದಲೇ ಕೈಚಾಚಿ ಅದರ ಅಂಚನ್ನು ಸವರಿದಳು.

“ಇಷ್ಟು ಚಲೋ ಸಾಗುವಾನಿ ಯಾಕ ಹಾಳು ಮಾಡಿದ್ರಿ...? ಲೆಕ್ಕ ತಪ್ಪೀತೇನು?”

“ತಪ್ಪೈತಿ,” ಎಂದರು ಮೌನೇಶಪ್ಪ. “ಮೊದಲ ನಿನ್ನ ಎರಡೂವರೆ ಅಡಿ ತೆಗೆದಿಟ್ಟು, ಆಮ್ಯಾಲ ಊರ ಮಂದೀದು ಲೆಕ್ಕ ಹಾಕಬೇಕಿತ್ತು.”

ಅವರು ತಲೆ ತಗ್ಗಿಸಿದರು. ಆಕೆ ಅವರ ಅಂಗಿಗೆ ಅಂಟಿದ್ದ ಹೊಟ್ಟನ್ನು ಒಂದೊಂದಾಗಿ ತೆಗೆಯುತ್ತಿದ್ದಳು...

ಈಗ ಆ ಸ್ಟೂಲಿನ ಮೇಲೆ ನೀರಿನ ತಂಬಿಗೆ ಇದೆ, ಗುಳಿಗೆಗಳಿವೆ. ಆಕೆ ಅದರ ಮೇಲೆ ಒಮ್ಮೆಯೂ ಕೂರಲಿಲ್ಲ.

*

*ಉಳಿದರೆ ಕೊಡುತ್ತೇನೆ ಎಂದದ್ದು ಎಂದೂ ಉಳಿಯುವುದಿಲ್ಲ. ಕೊಡಬೇಕಾದುದನ್ನು ಮೊದಲೇ ತೆಗೆದಿಡಬೇಕು.*

ನಿಮ್ಮ ಮನೆಯಲ್ಲಿ ಯಾರ ಎರಡೂವರೆ ಅಡಿ ಇನ್ನೂ ಬಾಕಿ ಇದೆ...?