ಮನೆಯಲ್ಲೇ ಮಾಡಿದರೆ

ದರ್ಜಿ ಕೊರಳಲ್ಲಿದ್ದ ಟೇಪು ತೆಗೆದು ಬ್ರೆಡ್ಡಿನ ಉದ್ದ ಅಳೆದ. ಆಮೇಲೆ ಅಗಲ. ಹೆಂಡತಿ ಇನ್ನೂ ಚಪ್ಪಲಿ ಕೂಡ ಬಿಟ್ಟಿರಲಿಲ್ಲ.

"ಇಷ್ಟಕ್ಕೆ ಸೇತುವೆ ಆಚೆ ತನಕ ಹೋಗಿಬಂದ್ಯಾ? ಮೂಲೆ ಅಂಗಡೀಲಿ ಸಿಗಲ್ವಾ?"

"ಅದು ಹಳೇದಾಗಿರುತ್ತೆ ರೀ. ಇದು ಬಿಸಿಬಿಸಿ."

ದರ್ಜಿ ಬ್ರೆಡ್ಡನ್ನು ಮುಟ್ಟಿ ನೋಡಿದ. ಅಷ್ಟು ದೂರ ಬರುವುದರೊಳಗೆ ಅದು ತಣ್ಣಗಾಗಿತ್ತು. ಟೇಪು ಹಿಡಿದು ಇನ್ನೊಮ್ಮೆ ಅಳೆದ. ಅದೇ ಅವಳಿಗೆ ಹೆದರಿಕೆ.

ಕತ್ತರಿ ಹಾಕುವ ಮೊದಲು ಹತ್ತು ಸಲ ಅಳೆಯುತ್ತಾನೆ, ಹಾಕಿದ ಮೇಲೆ ತಿರುಗಿ ನೋಡುವವನಲ್ಲ ಎಂದು ಓಣಿಯವರು ಅವನ ಬಗ್ಗೆ ಹೇಳುತ್ತಿದ್ದರು. ಮನೆಯಲ್ಲಿ ಈಗ ಇಬ್ಬರೇ. ಒಳಕೋಣೆಯ ಮಂಚ ಎತ್ತಿಸಿ ಅಲ್ಲಿ ಇನ್ನೊಂದು ಹೊಲಿಗೆ ಯಂತ್ರ ಹಾಕಿಸಿದ್ದ. ಇಬ್ಬರಿಗೆ ದಿನಕ್ಕೊಂದು ಬ್ರೆಡ್ಡು ಎಲ್ಲಿ ಮುಗಿಯುತ್ತದೆ? ಅರ್ಧ ಒಣಗಿ ಹಕ್ಕಿಗಳ ಪಾಲಾಗುತ್ತಿತ್ತು. ಆದರೂ ಸಂಜೆಯಾದರೆ ಅವಳು ಸೀರೆ ಬದಲಿಸಿ, ತಲೆ ಬಾಚಿ, ಚೀಲ ಹಿಡಿದು ಹೊರಡುತ್ತಿದ್ದಳು.

ಓಣಿಗೆ ಹೊಸಬಳಾದ ಇಸ್ತ್ರಿಯವಳು ಒಂದು ದಿನ ಕೂಗಿಯೇ ಕೇಳಿಬಿಟ್ಟಳು. "ಅಕ್ಕಾ, ಆ ಬೇಕರಿಯವನು ಹಿಟ್ಟಿಗೆ ಏನು ಮದ್ದು ಹಾಕ್ತಾನೆ? ದಿನಾ ನಿಮ್ಮನ್ನ ಎಳ್ಕೊಂಡು ಹೋಗುತ್ತಲ್ಲ!"

ಅವಳು ನಕ್ಕಳು. ಒಳಗೆ ಕತ್ತರಿಯ ಸದ್ದು ನಿಂತದ್ದು ಕೇಳಿ ನಗು ಅಲ್ಲೇ ಒಣಗಿತು.

ಬೇಕರಿಯವನು ಗಟ್ಟಿಮುಟ್ಟಾದ ಯುವಕ. ಅವಳನ್ನು ಕಂಡರೆ ಸಾಕು, ಒಲೆ ಬಿಟ್ಟು ಹೊರಗೆ ಬರುತ್ತಿದ್ದ. ಮೊಣಕೈತನಕ ಹಿಟ್ಟು, ಮುಖದ ತುಂಬ ನಗು.

"ನಿಮಗೆ ಅಂತಲೇ ಎತ್ತಿಟ್ಟಿದ್ದೀನಿ. ದುಡ್ಡು ಬೇಡ ಅಂದ್ರೆ ಕೇಳಲ್ವಲ್ಲ ನೀವು."

"ಕೊಳ್ಳೋಕೆ ಅಂತ ಬಂದವಳು ಕೊಟ್ಟೇ ಹೋಗ್ಬೇಕಪ್ಪ," ಎಂದು ಅವಳು ತಲೆತಗ್ಗಿಸುತ್ತಿದ್ದಳು. ಪರ್ಸಿನಲ್ಲಿ ಚಿಲ್ಲರೆ ಇದ್ದರೂ ನೋಟು ಕೊಡುತ್ತಿದ್ದಳು. ಗಲ್ಲಾದ ಹುಡುಗಿ ಈಚೆಗೆ ಕೂತೇ ಕೆಲಸ ಮಾಡುತ್ತಿದ್ದಳು. ಒಂದು ದಿನ ನಾಣ್ಯಗಳನ್ನು ಅವಳ ಅಂಗೈಗೆ ಒಂದೊಂದಾಗಿ ಹಾಕುತ್ತ ಕೇಳಿದಳು:

"ನಮ್ಮ ಬ್ರೆಡ್ಡು ಮನೇಲಿ ಹಿಡಿಸ್ತಾ?"

"ಇನ್ನೂ ಇಲ್ಲ."

ಹಿಂದೆ ನಿಂತವರು ಗೊಣಗಿದರು. ಅವಳು ಚೀಲ ಎದೆಗವಚಿಕೊಂಡು ಸರಿದಳು.

ಆ ಸಂಜೆ ದರ್ಜಿ ಹೊಲಿಗೆ ಬಿಟ್ಟು ಅಡುಗೆಮನೆಗೆ ಬಂದು ಕೂತ. "ಮನೆಯಲ್ಲೇ ಮಾಡಿದರೆ ಎಷ್ಟು ಬೀಳುತ್ತೆ?" ಎಂದ.

ಅವಳು ಒಂದೊಂದಾಗಿ ಹೇಳಿದಳು. ಹಿಟ್ಟು ಇಷ್ಟು, ಬೆಣ್ಣೆ ಇಷ್ಟು, ಯೀಸ್ಟು, ಕರೆಂಟು. ಓವನ್ನಿನ ಬೆಲೆಯಂತೂ ಬೇರೆಯೇ. ಅವನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಮೇಜಿನ ಮೇಲೇ ಕೂಡಿದ. ಅವಳು ಏನನ್ನೂ ಹೆಚ್ಚಿಸಿ ಹೇಳಿರಲಿಲ್ಲ. ಅದರ ಅಗತ್ಯವೇ ಬೀಳಲಿಲ್ಲ. ಮನೆಯ ಬ್ರೆಡ್ಡು ಅಂಗಡಿಯದಕ್ಕಿಂತ ಒಂದೂವರೆ ಪಟ್ಟು ದುಬಾರಿಯಾಯಿತು.

"ನೋಡಿದ್ರಾ? ಕೊಳ್ಳೋದೇ ಅಗ್ಗ," ಎಂದಳು. ಎಷ್ಟೋ ದಿನಗಳ ಮೇಲೆ ಅವಳಿಗೆ ನೆಮ್ಮದಿಯ ನಿದ್ದೆ ಬಂತು. ಗಂಡ ಲೆಕ್ಕ ಮೀರುವವನಲ್ಲ.

ಮರುದಿನ ಮಧ್ಯಾಹ್ನ ಇಬ್ಬರು ಆಳುಗಳು ಓವನ್ನು ಹೊತ್ತು ತಂದರು.

"ಲೆಕ್ಕ ನೀವೇ ಹಾಕಿದ್ರಲ್ಲ!"

"ಹಾಕ್ದೆ."

"ಮತ್ತೆ?"

"ಎಷ್ಟಾದರೂ ಆಗಲಿ. ಇನ್ಮೇಲೆ ಮನೆಯಲ್ಲೇ ಮಾಡು."

ಅವಳು ಮೊದಲ ಸಲ ಬ್ರೆಡ್ಡನ್ನು ಬೇಕೆಂದೇ ಹೊತ್ತಿಸಿದಳು. ಅವನು ಕರಕಲನ್ನು ಹೆರೆದು ತಿಂದ. ಎರಡನೆಯ ಸಲ ಉಪ್ಪೇ ಹಾಕಲಿಲ್ಲ. ಅವನು ಉಪ್ಪು ಉದುರಿಸಿಕೊಂಡು ತಿಂದ. ಬೈಯಲಿಲ್ಲ, ಮುಖ ಕೂಡ ಸಿಂಡರಿಸಲಿಲ್ಲ. ಕೊನೆಗೆ ಕೈಸೋತು ಸರಿಯಾಗಿಯೇ ನಾದಿದಳು. ಹಿಟ್ಟು ಉಬ್ಬಿತು. ಮನೆಯ ತುಂಬ ಘಮಘಮ ಹರಡಿತು. ಸೇತುವೆಯಾಚೆಯ ಆ ವಾಸನೆಯೇ ಹುಡುಕಿಕೊಂಡು ಬಂದಂತಾಗಿ, ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಚೆನ್ನಾಗಿದೆ," ಎಂದ ದರ್ಜಿ, ಎರಡನೆಯ ಚೂರು ಮುರಿಯುತ್ತ. "ಅಂಗಡೀದು ಇದರ ಮುಂದೆ ಏನೂ ಅಲ್ಲ."

ಅವಳು ಪಾತ್ರೆಗಳ ಕಡೆ ತಿರುಗಿ, ದನಿಯನ್ನು ಆದಷ್ಟು ಹಗುರ ಮಾಡಿಕೊಂಡು ಹೇಳಿದಳು. "ಯೀಸ್ಟು ಮುಗಿದಿದೆ ರೀ. ಅದು ಬೇಕರೀಲಿ ಮಾತ್ರ ಸಿಗೋದು. ಸಂಜೆ ಹೋಗಿ ತಂದುಬಿಡ್ತೀನಿ. ವಾರಕ್ಕೊಂದು ಸಲ ಹೋದರೆ ಸಾಕು."

ವಾರಕ್ಕೊಂದು ಸಲ. ಅಷ್ಟಾದರೂ ಉಳಿದೀತು.

ದರ್ಜಿ ಎದ್ದು ಒಳಗಿನಿಂದ ಡಬ್ಬವೊಂದನ್ನು ತಂದು ಮೇಜಿನ ಮೇಲಿಟ್ಟ. ಯೀಸ್ಟು. ವರ್ಷಕ್ಕಾಗುವಷ್ಟು.

"ಎಲ್ಲಿ ಸಿಕ್ತು?" ಎಂದಳು.

"ಅದೇ ಬೇಕರೀಲಿ. ಬೆಳಿಗ್ಗೆ ಹೋಗಿದ್ದೆ." ಅವನು ತಟ್ಟೆಯ ಮೇಲಿನ ಪುಡಿಯನ್ನು ಬೆರಳಿನಿಂದ ಒತ್ತಿ ಬಾಯಿಗೆ ಹಾಕಿಕೊಂಡ. "ಗಲ್ಲಾದಲ್ಲಿ ಕೂತಿದ್ದವಳಿಗೂ ಹೇಳಿಬಂದೆ: ಇನ್ಮೇಲೆ ನಿಮ್ಮಮ್ಮ ಬರಲ್ಲ ಅಂತ."